ಕರಡಿಗೆಯ ತೂಕ

“ಇಷ್ಟರಾಗ ನಿಮ್ದು ಯಾವ್ದು ಸರ್?” ಎಂದು ಮೌನಿಕಾ ಕೇಳಿಯೇಬಿಟ್ಟಳು.

ಬಳ್ಳಾರಿ ಕಾಲೇಜಿನ ಆ ಕೋಣೆಯ ಕರಿಹಲಗೆಯ ಮೇಲೆ ಜಗತ್ತಿನ ಧರ್ಮಗಳು ಸಾಲಾಗಿ ನಿಂತಿದ್ದವು: ಎಲ್ಲಿ ಹುಟ್ಟಿದವು, ಯಾರಿಂದ, ಮೂಲ ನಂಬಿಕೆ ಏನು. ಹಂಪೇಶ್ ಒಂದೊಂದನ್ನೂ ಒಂದೇ ವಾಕ್ಯದಲ್ಲಿ ಮುಗಿಸಬಲ್ಲ. ಬೌದ್ಧರಿಗೆ ಆಸೆಯೇ ದುಃಖದ ಬೇರು. ಮುಸಲ್ಮಾನರಿಗೆ ದೇವರೊಬ್ಬನೇ. ಶರಣರಿಗೆ ದೇವರು ಗುಡಿಯಲ್ಲಿಲ್ಲ, ಅಂಗೈಯಲ್ಲಿದ್ದಾನೆ.

“ಅದು ಪರೀಕ್ಷಿಗೆ ಬರಂಗಿಲ್ಲ, ಕೂಡು.”

ಹುಡುಗರು ನಕ್ಕರು. ಅವನೂ ನಕ್ಕ. ಅಂಗಿಯೊಳಗೆ ಎದೆಯ ಮೇಲೆ ಬೆಳ್ಳಿ ಕರಡಿಗೆ ಅಲುಗಿತು. ಖಾಲಿಯಿದ್ದುದರಿಂದ ತುಸು ಹೆಚ್ಚೇ ಅಲುಗಿತು.

ಚಿಕ್ಕಂದಿನಲ್ಲಿ ಸ್ವಾಮಿಗಳು ದೀಕ್ಷೆ ಕೊಟ್ಟು ಕಟ್ಟಿದ್ದ ಇಷ್ಟಲಿಂಗ ಮೊದಲು ಅದರಲ್ಲಿತ್ತು. ಹೈದರಾಬಾದಿನ ಒಂದು ವಿಚಾರಸಂಕಿರಣದಲ್ಲಿ, ಮಾತಿನ ಹುರುಪಿನಲ್ಲಿ, ಅದನ್ನು ಹೊರತೆಗೆದು ಸಭಿಕರ ಕೈಯಿಂದ ಕೈಗೆ ದಾಟಿಸಿದ್ದ. ತನ್ನ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ಅವನ ಓಣಿಯ ಕೂಸಿಗೂ ಗೊತ್ತು. ಚಪ್ಪಾಳೆ ಜೋರಾಗಿತ್ತು. ಲಿಂಗ ಯಾರ ಕೈಯಲ್ಲಿ ಉಳಿಯಿತೋ, ತಿರುಗಿ ಬರಲಿಲ್ಲ. ಅದು ಅವನ ಗಮನಕ್ಕೆ ಬಂದದ್ದು ಊರು ಸೇರಿ ವಾರ ಕಳೆದ ಮೇಲೆ. ಕಳೆದುಕೊಂಡದ್ದಕ್ಕಿಂತ, ಅಷ್ಟು ದಿನ ಗೊತ್ತೇ ಆಗದಿದ್ದುದು ಅವನನ್ನು ಹೆಚ್ಚು ಕಂಗೆಡಿಸಿತ್ತು.

ಕ್ಲಾಸು ಬಿಡುವಷ್ಟರಲ್ಲಿ ಸಿರುಗುಪ್ಪದಿಂದ ತಂಗಿ ಅಂಜನಾಳ ಫೋನು. ಅವ್ವ ಇರುವುದು ಅವಳ ಮನೆಯಲ್ಲೇ.

“ಅಣ್ಣಾ, ನಿನ್ನಿ ಕಣ್ಣಿನ ಆಪರೇಶನ್ ಆದಾಗಿಂದ ಅವ್ವ ಏನೂ ತಿಂದಿಲ್ಲ. ಶುಗರ್ ಬ್ಯಾರೆ ಐತಿ. ಗುಳಿಗಿನೂ ಒಲ್ಲೆ ಅಂತಾಳ.”

“ಯಾಕಂತ?”

“ನೀನ ಬರ್ಬೇಕಂತ. ಬಾ.”

ಬಸ್ಸಿನ ಕಿಟಕಿಯಾಚೆ ಗದ್ದೆ, ಕಾಲುವೆ, ಮತ್ತೆ ಗದ್ದೆ. ಮೌನಿಕಾಳ ಪ್ರಶ್ನೆಗೆ ಮನಸ್ಸಿನಲ್ಲೇ ಹಲವು ಉತ್ತರ ಕಟ್ಟಿದ. ಎಲ್ಲವೂ ಅಡಿಟಿಪ್ಪಣಿ ಬೇಡುವಂಥವೇ. ತಾನು ನಂಬುವುದಿಲ್ಲವೆಂದು ಹೇಳಲೂ ಒಂದು ನಂಬಿಕೆ ಬೇಕಲ್ಲ, ಅದಾದರೂ ಎಲ್ಲಿದೆ ಎಂದು ತಲೆ ಕೆಟ್ಟಿತು.

ಅವ್ವ ಕೊಟ್ರಮ್ಮ ಗೋಡೆಗೊರಗಿ ಕೂತಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ತುಟಿ ಒಣಗಿ ಬಿರಿದಿತ್ತು.

“ಬಂದ್ಯಾ ಯಪ್ಪಾ? ಲಿಂಗಪೂಜಿ ಇಲ್ದ ಹೆಂಗ ಉಣ್ಲಿ? ಕಣ್ಣು ಕಾಣವಲ್ದು, ಕೈ ನಡುಗ್ತಾವ. ನನ್ನ ಲಿಂಗ ಜಾರಿ ಬಿದ್ರ ಏನ್ ಮಾಡ್ಲಿ?”

“ಒಂದಿನ ಬಿಟ್ರ ಏನಾಗ್ತೈತಿ ಅವ್ವಾ?”

“ಮಂದಿಗೆ ಧರ್ಮ ಹೇಳಾವ ನೀನ ಹಿಂಗಂದ್ರ?” ಅವಳು ಬೇಸರಿಸಲಿಲ್ಲ. “ನಿಂದು ತಗಿ. ನೀ ಹಿಡ್ಕೊ, ನಾ ಪತ್ರಿ ಇಡ್ತೀನಿ. ಅಷ್ಟಾದ್ರ ಉಣ್ತೀನಿ.”

“ಅವ್ವಾ, ಅದು...”

“ಏನು?”

“ಏನಿಲ್ಲ.”

ಕರಡಿಗೆಯ ಮುಚ್ಚಳ ಬಿಚ್ಚಿದ ಸದ್ದಿಗೆ ಕೊಟ್ರಮ್ಮ ನೆಟ್ಟಗೆ ಕೂತು ತಲೆಯ ಮೇಲೆ ಸೆರಗೆಳೆದುಕೊಂಡಳು. ಹಂಪೇಶ್ ಎಡಗೈ ಚಾಚಿದ. ಅವಳು ತಡವರಿಸಿ ಅವನ ಮಣಿಕಟ್ಟು ಹಿಡಿದು, ತುಸು ನೀರು ಬಿಟ್ಟು, ಬಿಲ್ವದ ಎಲೆ ಇಟ್ಟಳು. ಎಲೆ ನೇರ ಚರ್ಮಕ್ಕೆ ತಣ್ಣಗೆ ಅಂಟಿತು.

“ಕುಂತೈತೇನು?”

“ಕುಂತೈತಿ.”

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರೂ ಅವಳು ಬಗ್ಗಿ ಆ ಅಂಗೈಗೆ ನಮಸ್ಕರಿಸಿದಳು. ಅವನಿಗೆ ಅಳು ಬಂತು. ಯಾವುದಕ್ಕೆಂದು ತಿಳಿಯಲಿಲ್ಲ.

ತಾಟು ಹಿಡಿದು ಬಂದ ಅಂಜನಾ ಅಣ್ಣನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಅನ್ನ ಕಲಸಿ ಅವ್ವನ ಬಾಯಿಗಿಟ್ಟಳು.

“ಒರಸಿ ಒಳಗ ಇಡಪ್ಪಾ,” ಎಂದಳು ಕೊಟ್ರಮ್ಮ ತುತ್ತು ನುಂಗುತ್ತ. “ಹುಷಾರು, ಬಿದ್ದೀತು.”

ಹಂಪೇಶ್ ಎಲೆ ತೆಗೆದು ಟವೆಲ್ಲಿನ ತುದಿಯಿಂದ ಅಂಗೈ ಒರೆಸಿದ. ಒಣಗಿದ ಮೇಲೂ ಒರೆಸಿದ. ಬಾಯಿ ತೆರೆದ ಕರಡಿಗೆ ಮಡಿಲಲ್ಲಿತ್ತು. ಬೆರಳು ಮಡಚಿದರೆ ಏನೋ ಜಜ್ಜಿಹೋದೀತು, ಕೈ ಬೋರಲಾದರೆ ಏನೋ ಬಿದ್ದೀತು ಎಂದು ಅಂಜಿಕೆಯಾಯಿತು. ಅವ್ವ ಉಂಡು ಮುಗಿಸಿ ಮಲಗಿದ ಮೇಲೂ ಅವನು ಖಾಲಿ ಅಂಗೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕೂತಿದ್ದ.