ಎರಡು ಬಾಗಿಲಾಚೆಯ ಫೋನು

"ಮಾವ, ನನ್ನ ಕಡೆ ಅಳತೆ ಸಾವಿರದ ಐನೂರೇ ಇದೆ. ನಿಮ್ಮ ಕಡೆ ಎಷ್ಟಿದೆ, ಒಂದ್ಸಲ ನೋಡ್ತೀರಾ?"

"ಇಲ್ಲಿ ಎಲ್ಲಾ ಸರಿಯಾಗಿದೆ ಕಣಮ್ಮ. ನೀನು ನಿನ್ನ ಕಡೇದು ಇನ್ನೊಂದ್ಸಲ ನೋಡು. ಲೈನಲ್ಲೇ ಇರು, ಬಂದೆ," ಎಂದು ಗುರುಗಳು ಜೈಲಿನ ಗೇಟುಕೋಣೆಯ ಮೇಜಿನ ಮೇಲೆ ರಿಸೀವರನ್ನು ಕುಕ್ಕಿ ಹೊರಟರು.

ಕೋರ್ಟು, ಜೈಲು, ಕಚೇರಿಗಳನ್ನು ಕಂಪ್ಯೂಟರ್ ಜಾಲದಲ್ಲಿ ಒಂದಕ್ಕೊಂದು ಜೋಡಿಸುವ ರೂಟರು ಪೆಟ್ಟಿಗೆಗಳಿಗೆ ಇಪ್ಪತ್ತೈದು ವರ್ಷದಿಂದ ಅವರೇ ವೈದ್ಯರು. ಅವರ ಕೈಕೆಳಗೆ ಕಲಿತವರು ಭಕ್ತಿಯಿಂದಲೂ ಬೈಸಿಕೊಂಡವರು ಬೇರೆ ಧಾಟಿಯಲ್ಲೂ 'ಗುರುಗಳು' ಎನ್ನುತ್ತಿದ್ದರು. ಈ ಹೊತ್ತು ಕೋರ್ಟಿನ ತುದಿಯಲ್ಲಿ ಕೂತಿದ್ದವಳು ಅವರ ತಂಗಿಯ ಮಗಳು. ಈ ವಿದ್ಯೆಯನ್ನು ಅವಳಿಗೆ ಕೈಹಿಡಿದು ಕಲಿಸಿದ್ದೂ ಅವರೇ.

ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಬರಬೇಕು. ಫೋನಿಗೂ ರೂಟರಿದ್ದ ಕೋಣೆಗೂ ನಡುವೆ ಎರಡು ಕಬ್ಬಿಣದ ಬಾಗಿಲು. ಒಂದಕ್ಕೆ ಬೀಗ ಬೀಳುವ ತನಕ ಇನ್ನೊಂದನ್ನು ತೆರೆಯುವಂತಿಲ್ಲ.

"ನಮ್ಮ ಕೈದಿಗಳೂ ದಿನಕ್ಕೆ ಇಷ್ಟು ಓಡಾಡಲ್ಲ ಗುರುಗಳೇ," ಎನ್ನುತ್ತ ವಾರ್ಡರ್ ಬೀಗದ ಕೈ ತಿರುವಿದ.

ಗುರುಗಳು ನಗಲಿಲ್ಲ. ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ಒಳಗೆ, ಕಪ್ಪಗೆ ಕೂತ ಪರದೆಯ ಎದುರು ಬೆಂಚಿನ ಮೇಲೆ ಒಬ್ಬ ಕೈದಿ ಕಾಯುತ್ತಿದ್ದ. ತಲೆ ನೀಟಾಗಿ ಬಾಚಿ, ಅಂಗಿಯ ಗುಂಡಿಯನ್ನು ಕೊರಳ ತನಕ ಹಾಕಿಕೊಂಡಿದ್ದ. ಪರದೆಯಲ್ಲೇ ಅವನ ಜಾಮೀನಿನ ವಿಚಾರಣೆ. ಮೂರಕ್ಕೆ ನ್ಯಾಯಾಧೀಶರು ಪೀಠದಿಂದ ಏಳುತ್ತಾರೆ. ನಾಳೆಯಿಂದ ಕೋರ್ಟಿಗೆ ಒಂದು ತಿಂಗಳು ರಜೆ. ಮನೆಯಲ್ಲಿ ಅವನ ತಂದೆ ಹಾಸಿಗೆ ಹಿಡಿದಿದ್ದ. ವಾರ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

ಗುರುಗಳು ಲ್ಯಾಪ್‌ಟಾಪಿನ ಮುಂದೆ ಕೂತರು. ಎರಡು ತುದಿಯ ರೂಟರುಗಳು ಹತ್ತು ಸೆಕೆಂಡಿಗೊಮ್ಮೆ 'ಇದ್ದೀಯಾ?' ಎಂದು ಒಂದನ್ನೊಂದು ಕೂಗುತ್ತವೆ. ನಲವತ್ತು ಸೆಕೆಂಡು ಕೂಗು ಕೇಳದಿದ್ದರೆ ಆಚೆಯದು ಸತ್ತಿತೆಂದೇ ತಿಳಿಯುತ್ತವೆ. ಈಗ ಕೂಗೇನೋ ಸರಾಗವಾಗಿ ಹೋಗಿಬರುತ್ತಿತ್ತು. ಕುಶಲ ಮುಗಿದು, ತಮಗೆ ಗೊತ್ತಿರುವ ದಾರಿಗಳ ಪಟ್ಟಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಮಾತ್ರ ಎರಡೂ ಮುಖ ತಿರುಗಿಸುತ್ತಿದ್ದವು. ಒಂದು ಸಲಕ್ಕೆ ಹೊರಬಲ್ಲ ಮಾಹಿತಿಯ ಹೊರೆಯ ಅಳತೆ ಎರಡು ಕಡೆ ಬೇರೆಯಾದರೆ ಇಂಥ ಮುನಿಸು ಬರುತ್ತದೆ. ಅದು ಗುರುಗಳಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯ ಲೈನಿಗೆ ಸಾವಿರದ ನಾನೂರು ಇತ್ತು. ಬೆಳಿಗ್ಗೆ ಹೊಸ ಲೈನು ಬಂದಿತ್ತು, ಅದಕ್ಕೆ ಸಾವಿರದ ಐನೂರು. ಅವರ ನೋಟುಪುಸ್ತಕದಲ್ಲಿ ಅದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಕೆಲಸ ಮುಗಿದ ಗುರುತೂ ಇತ್ತು.

ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಿದರು. ಕಣ್ಣು ಮುಚ್ಚಿ, ನಡೆಸುವವನು ನೀನು ಎಂದು ದೇವರನ್ನು ನೆನೆದರು. ಪರದೆ ಕಪ್ಪಗೇ ಇತ್ತು.

"ಸಾರ್, ಒಂದು ಮಾತು ಕೇಳ್ಲಾ?" ಎಂದ ಕೈದಿ. "ಆಗಿಂದ ಆ ಪುಸ್ತಕ ನೋಡ್ತೀರಿ, ಫೋನಿಗೆ ಹೋಗ್ತೀರಿ. ಪುಸ್ತಕದಲ್ಲಿರೋದೇ ಪೆಟ್ಟಿಗೇಲೂ ಇದೆಯಾ?"

"ಅದನ್ನ ಬರೆದಿದ್ದು ನಾನಯ್ಯಾ."

"ಬೇಜಾರು ಮಾಡ್ಕೋಬೇಡಿ. ನನ್ನ ಕೇಸಿನ ಕಾಗದಾನೂ ಬಹಳ ಚೆನ್ನಾಗೇ ಇದೆ. ಅವತ್ತು ನಾನು ಅಲ್ಲಿದ್ದೆ ಅಂತ ಸಹಿ, ಮೊಹರು ಸಮೇತ ಬರೆದಿದ್ದಾರೆ. ನಾನು ಇರಲಿಲ್ಲ ಸಾರ್."

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಆಡಲು ತಲೆಯೆತ್ತಿದರು. ಅಷ್ಟರಲ್ಲಿ ನಿನ್ನೆ ಸಂಜೆ ಮನೆಯ ಕುರ್ಚಿಯಲ್ಲಿ ಕೂತು ಇಂದಿನ ಕೆಲಸವನ್ನೆಲ್ಲ ಬರೆದದ್ದು ನೆನಪಾಯಿತು. ಹೇಗೂ ಮಾಡುವುದು ಇದ್ದೇ ಇದೆಯಲ್ಲ ಎಂದು ಗುರುತುಗಳನ್ನೂ ಆಗಲೇ ಹಾಕಿಬಿಟ್ಟಿದ್ದರು.

ಪುಸ್ತಕ ಬದಿಗಿಟ್ಟು ರೂಟರನ್ನೇ ಕೇಳಿದರು. ಸಾವಿರದ ನಾನೂರು, ಎಂದಿತು ಅದು.

ತಿದ್ದಿದರು. ಒಂದು ಕೂಗು. ಇನ್ನೊಂದು. ಪಟ್ಟಿ ಕೈಬದಲಾಯಿತು. ಪರದೆ ಮಿಣುಕಿ, ಅದರೊಳಗಿಂದ ಕೋರ್ಟಿನ ಎತ್ತರದ ಪೀಠ ಮೂಡಿತು. ಫೈಲು ಮಡಿಸುತ್ತಿದ್ದ ಗುಮಾಸ್ತ ಕೈ ತಡೆದ. ಮೂರಕ್ಕೆ ಇನ್ನು ಆರು ನಿಮಿಷವಿತ್ತು.

"ಕೇಳಿಸ್ತಿದೆಯಾ?" ಎಂದರು ನ್ಯಾಯಾಧೀಶರು.

ಕೈದಿ ಎದ್ದ ರಭಸಕ್ಕೆ ಬೆಂಚು ಹಿಂದಕ್ಕೆ ಬಿತ್ತು. "ಕೇಳಿಸ್ತಿದೆ ಸ್ವಾಮಿ."

ಗುರುಗಳು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಗೋಡೆಗೆ ಒತ್ತಿ ನಿಂತರು. ಎಲ್ಲ ಮುಗಿದು ಪರದೆ ಕಪ್ಪಾದ ಮೇಲೂ ಕೈದಿ ಅದಕ್ಕೆ ಕೈ ಮುಗಿದೇ ನಿಂತಿದ್ದ.

"ನಾಳೆ ಬೆಳಿಗ್ಗೆ ಮನೆಗೆ ಹೋಗ್ತೀಯಲ್ಲೋ, ಕೈ ಇಳಿಸು ಮಾರಾಯ," ಎಂದ ವಾರ್ಡರ್.

ಕೈದಿ ಕಣ್ಣೊರೆಸಿಕೊಂಡು ತಿರುಗಿದ. "ಯಾವ ಕಡೆ ಕೆಟ್ಟಿತ್ತು ಸಾರ್?"

ಗುರುಗಳು ನೋಟುಪುಸ್ತಕ ಎತ್ತಿಕೊಂಡು ಬಾಗಿಲತ್ತ ನಡೆದರು. ಒಂದು ಬೀಗ, ಮತ್ತೊಂದು ಬೀಗ.

ಗೇಟುಕೋಣೆಯ ಮೇಜಿನ ಮೇಲೆ ರಿಸೀವರ್ ಇಟ್ಟಲ್ಲೇ ಬಿದ್ದಿತ್ತು. ಅದರೊಳಗಿಂದ ಸಣ್ಣಗೆ ದನಿ ಬಂತು. "ಮಾವ? ಇದ್ದೀರಾ?" ತುಸು ಬಿಟ್ಟು ಮತ್ತೆ, "ಮಾವ?"

ಎತ್ತಿಕೊಂಡರು. "ಇದ್ದೀನಮ್ಮ."

"ಅಬ್ಬಾ! ಜಾಮೀನೂ ಸಿಕ್ಕಿಬಿಡ್ತು ಮಾವ!"

"ಹೂಂ. ತಪ್ಪು ನನ್ನ ಕಡೇದೇ ಕಣಮ್ಮ. ಗಟ್ಟಿಯಾಗಿ ಹೇಳಬಾರದಿತ್ತಾ?"

"ಹೇಳಿದೆ ಮಾವ. ಮೂರು ಸಲ."

ಗುರುಗಳು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಆ ತುದಿಯಲ್ಲೂ ಫೋನು ಇಟ್ಟ ಸದ್ದಾಗಲಿಲ್ಲ. ಬೆನ್ನ ಹಿಂದೆ ಒಂದು ಬಾಗಿಲಿಗೆ ಬೀಗ ಬಿತ್ತು. ಇನ್ನೊಂದು ಮೆಲ್ಲಗೆ ತೆರೆಯಿತು.