ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ

ಟ್ಯಾಂಕಿನೊಳಗೆ ಬಣ್ಣ ಹೊಡೆಯಲು ಇಳಿದ ನಮ್ಮಣ್ಣನಿಗೆ ಗಾಳಿಯ ಕೊಳವೆ ಕೊಟ್ಟಿರಲಿಲ್ಲ. ಅವನು ಒಳಗೇ ಸತ್ತ. ಅಪ್ಪಣೆಯಿಲ್ಲದೆ ಇಳಿದ ಎಂದು ಕಾರ್ಖಾನೆ ಹೇಳಿತು, ಹಾಗಾಗಿ ಪರಿಹಾರವಿಲ್ಲ ಎಂದಿತು, ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಅತ್ತಿಗೆಗೆ ಹೇಳಿ ಕಳಿಸಿತು.

ಅತ್ತಿಗೆ ಖಾಲಿ ಮಾಡಲಿಲ್ಲ. ಸಂಘದ ಮುಖಂಡರು ಬಂದಿದ್ದರು. ಮನೆ ಬಿಡಬೇಡಿ, ಮನೆಯಲ್ಲಿರುವ ತನಕ ಅವರು ನಿಮ್ಮ ಜೊತೆ ಮಾತಾಡಲೇಬೇಕು, ಬಿಟ್ಟಿರೋ ಗೇಟಿನ ಕಾವಲಿನವನೂ ನಿಮ್ಮನ್ನು ಗುರುತು ಹಿಡಿಯುವುದಿಲ್ಲ ಎಂದು ಹೇಳಿ, ಕಾಫಿ ಕುಡಿದು ಹೋದರು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಆದರೂ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತಿಗೆ, ಅವಳ ಮಗಳು, ಅದೇ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ನಾದಿನಿ ನಾನು, ಮೂವರಿಗೂ ಹಿಡಿದುಕೊಳ್ಳಲು ಉಳಿದಿದ್ದು ಆ ಎರಡು ಕೋಣೆ ಮಾತ್ರ.

ಕ್ವಾರ್ಟರ್ಸ್ ನೋಡಿಕೊಳ್ಳುವ ಗುಮಾಸ್ತ ಒಂದು ಸಂಜೆ ಬಂದ. ಹೆದರಿಸಲಿಲ್ಲ, ಗದರಲಿಲ್ಲ. ಜಾಣ. ಬಗ್ಗಿ ಬಗ್ಗಿ ಗೋಡೆಯ ಬುಡಗಳನ್ನೇ ನೋಡುತ್ತಾ ಓಡಾಡಿದ. ಸುತ್ತಲೂ ಕೂರಿಸಿದ್ದ ಮರದ ಸ್ಕರ್ಟಿಂಗ್ ಪಟ್ಟಿಯ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು. ಕಿಟಕಿಯ ಚೌಕಟ್ಟಿನಲ್ಲಿ ಮರವೇ ಕಾಣುತ್ತಿತ್ತು. ಊರವರ ಬಾಗಿಲಿಗೆಲ್ಲ ಬಣ್ಣ ಹೊಡೆದು ಬಂದ ಮೇಲೆ ಅಣ್ಣನಿಗೆ ಮನೆಯಲ್ಲಿ ಬ್ರಷ್ ಕಂಡರಾಗುತ್ತಿರಲಿಲ್ಲ.

"ಪೇಂಟರ್ ಮನೆ ಅಂತ ಯಾರಾದ್ರೂ ಹೇಳ್ಬೇಕೇನಮ್ಮ ಇದನ್ನ?" ಎಂದು ಗುಮಾಸ್ತ ನಕ್ಕ. ಚೆನ್ನಾಗಿಟ್ಟುಕೊಂಡ ಮನೆಯಾದರೆ ಮೇಲಿನವರ ಕಿವಿಗೆ ತಾನೂ ಒಂದು ಮಾತು ಹಾಕಬಹುದಿತ್ತು, ಇದನ್ನು ತೋರಿಸಿ ಏನು ಹೇಳಲಿ ಎಂದ. ಅಷ್ಟು ಹೇಳಿ ಹೋದ.

ಅತ್ತಿಗೆಗೆ ಅದೇ ಹಿಡಿಯಿತು. ಬಣ್ಣ ಹೊಡೆಸಬೇಕು. ಅವನು ಬಾಯಿಗೆ ಬಂದದ್ದು ಹೇಳಿದ್ದಾನೆ, ಅವನ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಅವಳು ಕೇಳಲಿಲ್ಲ. ಹೊಡೆಸುವುದಾದರೆ ಬೆಕ್ಕಣ್ಣನ ಕೈಯಲ್ಲೇ ಹೊಡೆಸುವುದು ಎಂದಳು.

ಬೆಕ್ಕಣ್ಣ ಅಣ್ಣನ ಜೊತೆಗಾರ. ಎತ್ತರದ ಹಲಗೆಯ ಮೇಲೆ ಸದ್ದಿಲ್ಲದೆ ನಡೆಯುತ್ತಾನೆಂದು ಅಣ್ಣನೇ ಇಟ್ಟ ಹೆಸರು ಅದು. ಆ ದಿನ ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದವನು ಅವನೇ. ಒಳಗಿನವನು ಹಗ್ಗ ಎಳೆದರೆ ಮೇಲಿನವನು ಎತ್ತಬೇಕು, ಅವರ ಕೆಲಸದ ಕ್ರಮ ಅದು. ವಿಚಾರಣೆಯಲ್ಲಿ ಮಾತ್ರ ಬೆಕ್ಕಣ್ಣ, ತಾನು ಥಿನ್ನರ್ ತರಲು ಹೋಗಿದ್ದೆ, ಅವನು ಯಾವಾಗ ಇಳಿದನೋ ಗೊತ್ತಿಲ್ಲ ಎಂದು ಹೇಳಿ ಬಂದಿದ್ದ. ಅಂದಿನಿಂದ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಇಲ್ಲೇ ಕೂತು ಕೆಲಸ ಮಾಡಲಿ, ನಮ್ಮ ಮುಖ ನೋಡಿಯಾದರೂ ನಿಜ ಹೇಳುವ ಮನಸ್ಸು ಬಂದೀತು ಎನ್ನುವುದು ಅತ್ತಿಗೆಯ ಲೆಕ್ಕಾಚಾರ.

ಕರೆದ ಕೂಡಲೇ ಬಂದ. ಕೂಲಿ ಬೇಡ ಎಂದ. ಮನಸ್ಸು ಚುಚ್ಚುತ್ತಿದೆ ಎಂದುಕೊಂಡೆವು.

ಕಪಾಟು, ಮಂಚ, ಪಾತ್ರೆಯ ಪೆಟ್ಟಿಗೆ ಎಲ್ಲವನ್ನೂ ಗೋಡೆಯಿಂದ ಎಳೆದು ನಡುಮನೆಯ ಮಧ್ಯಕ್ಕೆ ಗುಡ್ಡೆ ಹಾಕಿದೆವು. ಗೋಡೆ ಮುಟ್ಟುವ ಹಾಗಿಲ್ಲ, ಒರಗುವ ಹಾಗಿಲ್ಲ. ಅದರ ಮಧ್ಯೆಯೇ ಊಟ, ಅದರ ಮಧ್ಯೆಯೇ ನಿದ್ದೆ. ಮಗುವಿಗೆ ಮಾತ್ರ ಹಬ್ಬ. ಮಂಚದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮಂಚಕ್ಕೆ ನೆಗೆಯುತ್ತಿತ್ತು. "ಗೋಡೆ ಮುಟ್ಟಿದ್ರೆ ನೋಡು, ನಿನ್ನ ಮೂಗಿಗೂ ಒಂದು ಕೋಟು ಹೊಡೆದುಬಿಡ್ತೀನಿ" ಎಂದು ಬೆಕ್ಕಣ್ಣ ರೇಗಿಸುತ್ತಿದ್ದ. ಮಗು ಮೂಗು ಮುಂದೆ ಮಾಡಿ ಓಡುತ್ತಿತ್ತು. ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಯಾರೋ ನಕ್ಕಿದ್ದರು.

ಹಳೆಯ ಬಣ್ಣ ಕೆರೆದ, ಉಪ್ಪು ಕಾಗದದಿಂದ ಉಜ್ಜಿದ, ಸಂದುಗಳಿಗೆ ಪುಟ್ಟಿ ತುಂಬಿದ. ಒಳಗಿನ ಮೂಲೆಯಿಂದ ಶುರು ಮಾಡಿ, ಕುಕ್ಕರುಗಾಲಲ್ಲಿ ಕೂತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಬಾಗಿಲ ಕಡೆ ಬರುತ್ತಿದ್ದ. ಹೊರಬಾಗಿಲಿನ ಚೌಕಟ್ಟು ಎಲ್ಲಕ್ಕೂ ಕೊನೆ, ಅದನ್ನು ಹೊರಗೆ ನಿಂತು ಹೊಡೆಯುವುದು. ಕಾರ್ಖಾನೆಯ ಕೆಲಸವನ್ನೂ ಅವನು ಇಷ್ಟು ಜತನದಿಂದ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕಪಾಟಿನ ಹಿಂದೆ ಯಾರ ಕಣ್ಣಿಗೂ ಬೀಳದ ಪಟ್ಟಿಗೂ ಎರಡನೇ ಕೋಟು. ನಮ್ಮ ಸಾಲಿನ ಮನೆಗಳಿಗೆಲ್ಲ ಕಂದು. ಇವನು ತಂದದ್ದು ಹಾಲು ಬಿಳುಪು. ಕೊಳೆ ಕಾಣುತ್ತಲ್ಲಪ್ಪ ಎಂದು ಅತ್ತಿಗೆ ಕೇಳಿದ್ದಕ್ಕೆ, ಒರೆಸಿಕೊಂಡರಾಯಿತು ಬಿಡಿ ಎಂದ. ಅಣ್ಣನ ಮೇಲಿನ ಪ್ರೀತಿ ಕೈಯಲ್ಲಿ ಇಳಿಯುತ್ತಿದೆ ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು.

ಕೊನೆಯ ದಿನ ಮಧ್ಯಾಹ್ನ ಅವನ ಹೆಂಡತಿ ಬುತ್ತಿ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ಕೊಟ್ಟು ಹೋಗಬಹುದಿತ್ತು. ಸೆರಗು ಒಟ್ಟು ಮಾಡಿಕೊಂಡು ಒಳಗೆ ಬಂದಳು. ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ಬಿರುಸು ನೋಡಿದಳು. ಕಿಟಕಿ ತೆರೆದು ಮುಚ್ಚಿದಳು. ಮಲಗುವ ಕೋಣೆಯಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸಿ ಗಂಡನನ್ನು ಕೇಳಿದಳು.

"ನಮ್ಮ ಮಂಚ ಈ ಮೂಲೇಲಿ ಹಿಡಿಸುತ್ತಾ?"

ಬೆಕ್ಕಣ್ಣ ತಲೆ ಎತ್ತಲಿಲ್ಲ. ಬ್ರಷ್ ಅದೇ ಪಟ್ಟಿಯ ಮೇಲೆ ಹೋಗಿ ಬರುತ್ತಿತ್ತು. ಅವಳಿಗೆ ತಾನು ಏನಂದೆನೆಂದು ಆಮೇಲೆ ಹೊಳೆಯಿತು. ಇವರಿಗೆ ನೀವು ಇನ್ನೂ ಹೇಳಿಲ್ವಾ ಎಂದು ಗೊಣಗಿ, ಬುತ್ತಿ ಅಲ್ಲೇ ನೆಲಕ್ಕಿಟ್ಟು ಹೊರಟುಹೋದಳು.

ಅತ್ತಿಗೆ ಮಂಚದ ಅಂಚಿನಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತೇನೋ. ಅವನೇ ಶುರು ಮಾಡಿದ. ಮನೆ ತನ್ನ ಹೆಸರಿಗಾಗಿದೆ, ತಾನು ಕೇಳಿರಲಿಲ್ಲ, ಒಲ್ಲೆ ಎಂದರೆ ಬೇರೆಯವನು ಬರುತ್ತಾನೆ, ನೀವಂತೂ ಇರುವ ಹಾಗಿಲ್ಲ. ಇಷ್ಟನ್ನೂ ಸ್ಕರ್ಟಿಂಗಿಗೇ ಹೇಳಿದ.

"ಆವತ್ತು ಹಗ್ಗ ನಿನ್ನ ಕೈಲಿತ್ತಾ ಇಲ್ವಾ?" ಎಂದು ಅತ್ತಿಗೆ ಕೇಳಿದಳು.

"ಇತ್ತು."

"ಎಳೆದ್ರಾ ಅವರು?"

ಬೆಕ್ಕಣ್ಣ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಸವರಿದ, ಮತ್ತೆ ಸವರಿದ. "ಎಳೆದ. ನಾನು ಎತ್ತೋಕೆ ಹೋದೆ ಅತ್ತಿಗೆ. ಸೂಪರ್‌ವೈಸರ್ ತಡಿ ಅಂದ. ಇನ್ನೊಂದು ಪಕ್ಕ ಮುಗಿಸಿಬಿಡ್ಲಿ, ಹತ್ತಿ ಇಳಿದು ಯಾಕೆ ಹೊತ್ತು ಹಾಳು ಅಂದ. ತಡೆದೆ."

"ಇದನ್ನ ಅಲ್ಲಿ ಹೇಳು."

"ಹೇಳಿದ್ರೆ ಈ ಮನೆ ಇಲ್ಲ. ಕೆಲಸಾನೂ ಇಲ್ಲ."

ಅವನು ಹೇಳಿದ್ದು ನಿಜ. ಒಬ್ಬನನ್ನು ಕೊಂದವರು ಇನ್ನೊಬ್ಬನ ಬಾಯಿಗೆ ಬಿರಡೆ ಜಡಿಯಲು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಸತ್ತವನ ಮನೆ ಇತ್ತು. ಅದನ್ನು ಒಪ್ಪ ಮಾಡಿ ಕೊಡಲು ಸತ್ತವನ ಹೆಂಡತಿ ಇದ್ದಳು. ನಮ್ಮ ಕೈಯಿಂದಲೇ ನಮ್ಮನ್ನು ಒರೆಸಿ ಹಾಕುವ ಈ ಕಲೆಯನ್ನು ಅವರು ಯಾವ ಶಾಲೆಯಲ್ಲಿ ಕಲಿತರೋ. ಅವನ ಕೊರಳಪಟ್ಟಿ ಹಿಡಿಯಬೇಕೆಂದು ನಾನು ಎದ್ದೆ. ಎರಡು ಹೆಜ್ಜೆಗೆ ನಿಂತೆ. ಅವನಿಗೂ ಮಕ್ಕಳಿದ್ದವು. ನಾಳೆ ಅದೇ ಟ್ಯಾಂಕಿಗೆ ಇಳಿಯುವವನು ಅವನೇ. ಹಗ್ಗ ಹಿಡಿಯುವವನು ಇನ್ಯಾರೋ.

ಅವನು ಕೆಲಸ ನಿಲ್ಲಿಸಲಿಲ್ಲ. ನಡುವೆ ಬಿಟ್ಟರೆ ಎನಾಮಲ್ ಬಣ್ಣದಲ್ಲಿ ಗೆರೆ ಬೀಳುತ್ತದೆ. ಪಟ್ಟಿ ಮುಗಿಸಿ, ಡಬ್ಬಿ ಎತ್ತಿಕೊಂಡು ಹೊಸ್ತಿಲಾಚೆ ಹೋಗಿ ಚೌಕಟ್ಟಿಗೆ ಕೈ ಹಾಕಿದ. ಅಷ್ಟರಲ್ಲಿ ಗುಮಾಸ್ತ ಬಂದ. ಬಾಗಿಲಾಚೆ ನಿಂತೇ ಒಳಗೆಲ್ಲ ಕಣ್ಣಾಡಿಸಿ, ಈಗ ಮನೆ ಮನೆ ಥರ ಕಾಣುತ್ತೆ ಎಂದ. ಮೇಲಿನವರಿಗೆ ಹಾಕುತ್ತೇನೆಂದಿದ್ದ ಮಾತನ್ನು ಅತ್ತಿಗೆ ನೆನಪಿಸಿದಳು. ಮಾತು ಹಾಕಿಯೇ ನಿಮಗೆ ಇಷ್ಟು ದಿನ ಸಿಕ್ಕಿದ್ದು ಎಂದ. ಬೆಳಿಗ್ಗೆ ಗಾಡಿ ಬರುತ್ತದೆ, ಸಾಮಾನನ್ನು ಹೇಗೂ ಒಟ್ಟು ಮಾಡಿಟ್ಟಿದ್ದೀರಲ್ಲ, ಒಳ್ಳೆಯದೇ ಆಯಿತು. ಈ ರಾತ್ರಿ ಯಾರಾದರೂ ನೆಂಟರ ಮನೆಯಲ್ಲಿ ಮಲಗಿ, ಬೀಗದ ಕೈ ಇಲ್ಲಿ ಕೊಡಿ.

ಮಗು ನನ್ನ ಸೊಂಟಕ್ಕೆ ಅಂಟಿಕೊಂಡಿತ್ತು. ಬಣ್ಣದ ಘಾಟು ಎಲ್ಲರ ಗಂಟಲಿಗೂ ಅಡರಿತ್ತು. ಬೆಳಿಗ್ಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕಾವಲಿನವರು ಬರುತ್ತಾರೆ, ರಟ್ಟೆ ಹಿಡಿಯುತ್ತಾರೆ, ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅತ್ತಿಗೆಗೂ ಗೊತ್ತಿತ್ತು.

"ಹೊರಗೆ ಬನ್ನಿ ಅತ್ತಿಗೆ" ಎಂದ ಬೆಕ್ಕಣ್ಣ, ಬಹಳ ಮೆಲ್ಲಗೆ. "ಚೌಕಟ್ಟು ಹಸಿ ಆದ್ರೆ ದಾಟೋಕಾಗಲ್ಲ."

ಅತ್ತಿಗೆ ಕಾಲೆರಡನ್ನೂ ಮೇಲಕ್ಕೆತ್ತಿ, ಮಡಚಿಕೊಂಡು, ಮಂಚದ ಮಧ್ಯಕ್ಕೆ ಸರಿದು ಕೂತಳು.

"ಹೊಡಿ ನೀನು" ಎಂದಳು. "ನಾನು ಬರಲ್ಲ."