ಮುಂದೆ ನಡೆಯುವವನ ಬೂಟು

ತಿರುವು ದಾಟಿ ರೇವಿನ್ ಕಣ್ಣಿಗೆ ಬಿದ್ದದ್ದೇ ತಡ, ಬಂಡೆಯ ಮೇಲೆ ಕೂತಿದ್ದ ಅವಳ ಗಂಡ ಬೆವನ್ ಬಾಳೆಹಣ್ಣಿನ ಸಿಪ್ಪೆಯನ್ನು ಚೀಲಕ್ಕೆ ತುರುಕಿ ಎದ್ದು ನಿಂತ.

"ಬಂದ್ಯಾ? ಸರಿ, ಹೊರಡೋಣ."

ರೇವಿನ್‌ಳಿಗೆ ಉಸಿರೇ ಸಿಗುತ್ತಿರಲಿಲ್ಲ. ಸಿಕ್ಕಿದ್ದರೆ ಆಡುತ್ತಿದ್ದ ಮಾತು ಮಗಳ ಕಿವಿಗೆ ಬೀಳುವಂಥದ್ದಂತೂ ಆಗಿರುತ್ತಿರಲಿಲ್ಲ.

ಮದುವೆಯಾದಾಗಿನಿಂದ ಇದೇ ಕಥೆ. ಅವನು ಮೇಕೆಯ ಹಾಗೆ ಹಾರಿ ಮುಂದೆ ಹೋಗುತ್ತಾನೆ, ಒಂದು ಬಂಡೆ ಹಿಡಿದು ಕೂರುತ್ತಾನೆ, ಚಹಾ ಕುಡಿಯುತ್ತಾನೆ, ಕಾಲಿಗೆ ಗಾಳಿ ಬಿಡುತ್ತಾನೆ. ಅವಳು ಏದುಸಿರು ಬಿಡುತ್ತಾ ಬಂದು ಮುಟ್ಟುವ ಹೊತ್ತಿಗೆ ಅವನ ಆಯಾಸ ಪೂರ್ತಿ ಇಳಿದಿರುತ್ತದೆ. ಎದ್ದು ಹೊರಟೇಬಿಡುತ್ತಾನೆ. ಸುಸ್ತಾಗದವನಿಗೆ ದಿನವಿಡೀ ವಿಶ್ರಾಂತಿ, ಸುಸ್ತಾದವಳಿಗೆ ಒಂದು ಗಳಿಗೆಯೂ ಇಲ್ಲ. ಹೀಗೆ ಬಸವಳಿದು ಅವಳು ಅರ್ಧದಲ್ಲೇ ಕುಸಿದು ಕೂತಾಗ, "ನೀನಿಲ್ಲೇ ಇರು, ನಾನು ಶಿಖರ ಮುಟ್ಟಿ ಬಂದೆ" ಎಂದು ಹೋಗುತ್ತಾನೆ. ಬಂದು ಹೇಳುವುದೂ ಒಂದೇ ಮಾತು: "ನೋಡೋಕೇನಿಲ್ಲ ಬಿಡು, ಬರೀ ಮೋಡ."

ಈ ಬೆಟ್ಟಕ್ಕೆ ಅವಳು ಬಂದದ್ದು ಇದು ನಾಲ್ಕನೆಯ ಸಲ. ಶಿಖರ ಇನ್ನೂ ಕಂಡಿಲ್ಲ. ಮುಂದಿನ ತಿಂಗಳು ಅವಳ ಮಂಡಿಯ ಆಪರೇಷನ್. ಆಮೇಲೆ ಇಂಥ ಕಡಿದಾದ ಹಾದಿಯ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇವತ್ತಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

"ಅಪ್ಪ, ಅಮ್ಮ ಈಗಷ್ಟೇ ಬಂದ್ಲು. ಕೂರೋಕಾದ್ರೂ ಬಿಡು," ಎಂದಳು ಅಮ್ಮನ ಜೊತೆಗೇ ಹತ್ತಿ ಬಂದಿದ್ದ ಹದಿನೈದರ ಮಗಳು ಟೀಗನ್.

"ಕೂತ್ರೆ ಕಾಲು ಹಿಡ್ಕೊಳತ್ತೆ ಕಣೇ. ನಿಲ್ಲಬಾರ್ದು, ನಿಧಾನಕ್ಕಾದ್ರೂ ನಡೀತಿರಬೇಕು."

"ನಿಲ್ಲಬಾರ್ದು ಅನ್ನೋನು ನೀನ್ಯಾಕೆ ಅರ್ಧ ಗಂಟೆ ಕೂತಿದ್ದೆ?" ರೇವಿನ್‌ಳಿಗೆ ಕೊನೆಗೂ ಉಸಿರು ಬಂದಿತ್ತು.

"ನಿಮಗೆ ಕಾಯ್ತಿದ್ದೆ!"

"ಓಹೋ, ದೊಡ್ಡ ಉಪಕಾರ ಆಯ್ತು. ನಿಧಾನಕ್ಕೆ ನಡೆಯೋರು ಮುಂದಿರಬೇಕು ಅಂತ ನಿಮ್ಮ ಚಾರಣದ ಕ್ಲಬ್ಬಲ್ಲಿ ಹೊಸಬರಿಗೆಲ್ಲ ಪಾಠ ಹೇಳ್ತೀಯಲ್ಲ, ಹೆಂಡ್ತಿಗೆ ಆ ರೂಲು ಇಲ್ವಾ?"

"ಅದು ಕ್ಲಬ್ಬಿಗೆ. ಇದು ಮನೆಯವರು," ಎಂದು ಬೆವನ್ ನಡೆದೇ ಬಿಟ್ಟ. ಹೋಗುತ್ತಾ ತಿರುಗಿ, "ಆ ಚೀಲ ಭಾರ ಆಗದೆ ಇನ್ನೇನಾಗತ್ತೆ? ಬೆಟ್ಟ ಹತ್ತೋಕೆ ಬಂದೋರು ಯಾರಾದ್ರೂ ಚಪ್ಪಲಿ ಹೊತ್ಕೊಂಡು ಬರ್ತಾರಾ?" ಎಂದ.

ಇಳಿದ ಮೇಲೆ ಹೊಳೆಯಲ್ಲಿ ಕಾಲಾಡಿಸಲು ಅವಳು ತಂದಿದ್ದ ನೇರಳೆ ಬಣ್ಣದ ರಬ್ಬರ್ ಚಪ್ಪಲಿಯ ಮೇಲೆ ಅವನಿಗೆ ಬೆಳಗಿನಿಂದ ಸಿಡುಕು.

ಬೀಚ್ ಎಂಬ ಎತ್ತರದ ಮರಗಳ ಕಾಡು ಮುಗಿದು ಹುಲ್ಲಿನ ಏಣು ಶುರುವಾಯಿತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ತಲೆಯ ಮೇಲೆ ಶಿಖರ, ಕೈ ಚಾಚಿದರೆ ಸಿಗುವ ಹಾಗೆ. ರೇವಿನ್ ಹಲ್ಲು ಕಚ್ಚಿ ಹತ್ತಿದಳು.

ಮುಂದಿನ ಬಂಡೆ ಇನ್ನೂ ದೂರವಿರುವಾಗಲೇ ಕೂಗು ಕೇಳಿಸಿತು. "ಏಯ್! ಬಿಡೋ! ಬಿಡೋ ಕಳ್ಳ ನನ್ಮಗನೇ!"

ಬೆವನ್ ಕಾಲುಚೀಲದಲ್ಲೇ ಕುಣಿಯುತ್ತಿದ್ದ. ಅವನೆದುರು ಒಂದು ಕೀಯಾ, ಬೆಟ್ಟದ ಆ ದಪ್ಪ ಹಸಿರು ಗಿಳಿ, ಅವನ ಬೂಟಿನ ದಾರವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಿಂದಹಿಂದಕ್ಕೆ ಎಳೆಯುತ್ತಿತ್ತು. ಅವನು ಬೂಟು ಹಿಡಿಯಲು ಹಾರಿದ. ಗಿಳಿ ಇನ್ನೊಂದು ಸಲ ಎಳೆಯಿತು. ಬೂಟು ಅಂಚಿನಿಂದ ಉರುಳಿ ಕಲ್ಲಿಂದ ಕಲ್ಲಿಗೆ ಬಡಿಯುತ್ತಾ ಕೊರಕಲಿನ ತಳ ಸೇರಿತು. ಕೀಯಾ ರೆಕ್ಕೆಯಡಿಯ ಕೆಂಪು ತೋರಿಸಿ ಹಾರಿಹೋಯಿತು.

"ಬೂಟು ಬಿಚ್ಚಿಟ್ಟಿದ್ಯಾ?" ಎಂದಳು ರೇವಿನ್.

"ಕಾಲಿಗೆ ಗಾಳಿ..."

"ಕೀಯಾ ಇದೆ, ಏನನ್ನೂ ಕೆಳಗಿಡಬೇಡಿ ಅಂತ ಕೆಳಗೆ ಬೋರ್ಡಿತ್ತಲ್ಲ ಅಪ್ಪ," ಟೀಗನ್ ನಗು ತಡೆಯಲಾರದೆ ಹೇಳಿದಳು. "ನಮಗೆ ಜೋರಾಗಿ ಓದಿ ಹೇಳಿದ್ದೇ ನೀನು!"

ಇಪ್ಪತ್ತು ವರ್ಷ ಬೆಟ್ಟ ಹತ್ತಿದವನ ಮುಖ ಹೊಡೆಸಿಕೊಂಡ ಹುಡುಗನ ಮುಖದ ಹಾಗಾಗಿತ್ತು. ಅವನು ಶಿಖರದ ಕಡೆ ನೋಡಿದ, ಕಾಲುಚೀಲದ ಕಡೆ ನೋಡಿದ. "ಸರಿ, ಏನ್ಮಾಡೋದು. ಎಲ್ಲರೂ ಇಳಿಯೋಣ," ಎಂದ.

ರೇವಿನ್‌ಳ ತಲೆಯಲ್ಲಿ ಏನೋ ಚಟ್ಟನೆ ತುಂಡಾಯಿತು.

"ಎಲ್ಲರೂ? ನನ್ನ ಕಾಲು ಸೋತಾಗ ನಾನೊಬ್ಳೇ ಕೂತಿದ್ದೆ. ನಿನ್ನ ಬೂಟು ಹೋದ್ರೆ ಎಲ್ಲರೂ ಇಳೀಬೇಕಾ?" ಚೀಲದಿಂದ ನೇರಳೆ ಚಪ್ಪಲಿ ತೆಗೆದು ಅವನ ಮುಂದೆ ಎಸೆದಳು. "ಹಾಕ್ಕೊಂಡು ಇಲ್ಲೇ ಕೂತಿರು. ನಾವು ಶಿಖರ ಮುಟ್ಟಿ ಬಂದ್ವಿ."

ಟೀಗನ್ ಅಮ್ಮನನ್ನು ಮುಂದೆ ಬಿಟ್ಟು ಹಿಂದೆ ನಡೆದಳು. ರೇವಿನ್ ಬೇಕೆನಿಸಿದಲ್ಲಿ ನಿಂತಳು, ಬೇಕೆನಿಸಿದಲ್ಲಿ ಕೂತಳು. ಯಾರೂ ಏಳು ಎನ್ನಲಿಲ್ಲ. ಹಾಗೆ ಕೂತು ಎದ್ದು, ಕೂತು ಎದ್ದು, ಒಂದು ಸಲ ಎದ್ದಾಗ ಹತ್ತಲು ಮುಂದೆ ಏನೂ ಉಳಿದಿರಲಿಲ್ಲ.

ಎದುರಿಗೆ ಹಿಮದ ಗುಡ್ಡಗಳು ಸಾಲುಗಟ್ಟಿದ್ದವು. ತಳದಲ್ಲಿ ರೈಲುಹಳಿ ದಾರದ ಎಳೆಯಂತೆ ಬಿದ್ದಿತ್ತು. ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲವನ್ನೂ ನೋಡಿದಳು. ಆಮೇಲೆ, "ಬರೀ ಮೋಡವಂತೆ, ಬರೀ ಮೋಡ! ಬಂದಾಗೆಲ್ಲ ಇಂಥದ್ದೇ ಬಿಸಿಲಿತ್ತು! ಇಷ್ಟು ವರ್ಷ ನನ್ನ ಸಮಾಧಾನಕ್ಕೆ ಸುಳ್ಳು ಬೇರೆ!" ಎಂದು ಸಿಡುಕಿ ಕಣ್ಣೊರೆಸಿಕೊಂಡಳು. ಮೂವರಿಗೆಂದು ತಂದಿದ್ದ ಹಣ್ಣಿನ ಕೇಕನ್ನು ಅಮ್ಮ, ಮಗಳು ಇಬ್ಬರೇ ತಿಂದು ಮುಗಿಸಿದರು.

ಇಳಿದು ಬಂದಾಗ ಬೆವನ್ ತಟ್ಟನೆ ಎದ್ದು ನಿಂತ. "ಬಂದ್ರಾ? ಸರಿ, ಹೊರಡೋ..."

"ಕೂತ್ಕೋ," ಎಂದಳು ರೇವಿನ್. "ನಾನು ಈಗ ಬಂದಿದ್ದು."

ಅವನು ಕೂತ. ಅವಳು ಸಾವಕಾಶವಾಗಿ ಚಹಾ ಕುಡಿದಳು.

ಇಳಿಯುವಾಗ ಕ್ಲಬ್ಬಿನ ರೂಲಿನಂತೆ ಅವನೇ ಮುಂದೆ, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಹಿಮ್ಮಡಿ ಹೊರಚಾಚಿದ ನೇರಳೆ ಚಪ್ಪಲಿ. ಎದುರು ಬಂದವರೆಲ್ಲ ಬಗ್ಗಿ ಅವನ ಕಾಲು ನೋಡಿಯೇ ನಮಸ್ಕಾರ ಹೇಳಿದರು. ಕಾಡಿನ ಬೇರುಗಳ ನಡುವೆ ಬಂದಾಗ ಅವನು ಮರಕ್ಕೆ ಕೈಯೂರಿ ನಿಂತ. "ಒಂದ್ನಿಮಿಷ, ರೇ."

ಅವಳು ಕಾದಳು. ಅವನು ಬೇರಿನ ಮೇಲೆ ಕೂತು ಚಪ್ಪಲಿಯೊಳಗಿನ ಕಲ್ಲು ಕೊಡವಿದ, ನೀರು ಕುಡಿದ, ಮತ್ತೆ ಎದ್ದ.

"ಉಸಿರು ತಗೊಂಡ್ಯಾ?" ಗದರಿಸುವ ದನಿಯಲ್ಲೇ ಕೇಳಿದಳು.

"ಹ್ಞೂಂ."

"ಸುಳ್ಳು ಹೇಳ್ಬೇಡ. ಇನ್ನೂ ಸ್ವಲ್ಪ ಹೊತ್ತು ಕೂತ್ಕೋ."